ವಾಟ್ಸ್‌ಆ್ಯಪ್ ಫೋಟೋ ನೋಡಿ ಡಾಕ್ಟರ್ 'ಏನೂ ಇಲ್ಲ' ಅಂದರೆ ನಂಬಬಹುದಾ?

ಅಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಕೈ ಊರಿ ಬಿದ್ದರು, ಎಕ್ಸ್‌-ರೇಯ ಫೋಟೋ ತೆಗೆದು ಮಂಗಳೂರಿನ ಡಾಕ್ಟರಿಗೆ ಕಳಿಸಿದೆವು, 'ಮೂಳೆ ಸರಿ ಇದೆ' ಅಂದರು, ಆದರೆ ನಾಲ್ಕು ದಿನವಾದರೂ ನೋವು ಹೋಗಿಲ್ಲ ಎಂದಿದ್ದೀರಿ. ನಾನು ಮಡಿಕೇರಿ ಕಡೆ ಎಕ್ಸ್‌-ರೇ ತೆಗೆಯುವವನು, ಡಾಕ್ಟರ್ ಅಲ್ಲ. ಆದರೆ ಈ ಫೋಟೋ ಕಳಿಸುವ ಕೆಲಸ ದಿನಾ ನೋಡುತ್ತೇನೆ.

ಫೋಟೋದಲ್ಲಿ ಮುರಿದಿದ್ದು ಕಂಡರೆ ಸಾಮಾನ್ಯವಾಗಿ ಮುರಿದಿರುತ್ತದೆ. ಕಾಣದಿದ್ದರೆ ಮುರಿದಿಲ್ಲ ಅಂತ ಅರ್ಥ ಅಲ್ಲ.

ನನಗೇ ಆದ ಕಥೆ ಹೇಳುತ್ತೇನೆ. ಸಿಲ್ವರ್ ಮರದಿಂದ ಬಿದ್ದ ಹುಡುಗನೊಬ್ಬನ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ಹೊಡೆದೆ. ಅವಸರ. ಕಿಟಕಿ ಕಂಬಿಯ ನೆರಳು ಸರಿಯಾಗಿ ಮಣಿಕಟ್ಟಿನ ಮೇಲೇ ಬಿದ್ದಿತ್ತು, ನಾನು ಗಮನಿಸಲಿಲ್ಲ. ಏನೂ ಇಲ್ಲ ಅಂತ ಉತ್ತರ ಬಂತು. ಮರುದಿನ ಮೂಲ ಫೈಲನ್ನೇ ಕಳಿಸಿದಾಗ ಡಾಕ್ಟರ್ ಕಂಪ್ಯೂಟರಲ್ಲಿ ದೊಡ್ಡದು ಮಾಡಿ, ಕಪ್ಪು-ಬಿಳುಪು ಹೆಚ್ಚುಕಮ್ಮಿ ಮಾಡಿ ನೋಡಿದರು. ಹೆಬ್ಬೆರಳ ಬುಡದ ಸ್ಕೇಫಾಯ್ಡ್ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು! ಆ ಮೂಳೆಗೆ ರಕ್ತ ಹರಿಯುವುದೇ ಕಮ್ಮಿ. ಬಿರುಕು ಗೊತ್ತಾಗದೆ ಹಾಗೇ ಬಿಟ್ಟರೆ ಕೂಡದೇ ಹೋಗಬಹುದು.

ಯಾಕೆ ಹೀಗೆ? ಡಿಜಿಟಲ್ ಎಕ್ಸ್‌-ರೇಯ ಮೂಲ ಫೈಲಿನಲ್ಲಿ (ಡೈಕಾಂ ಅಂತಾರೆ) ಬೂದು ಬಣ್ಣದ ಹಂತಗಳು ಸಾಮಾನ್ಯವಾಗಿ 4096, ಕೆಲವದರಲ್ಲಿ ಇನ್ನೂ ಹೆಚ್ಚು ಇರುತ್ತವೆ. ಮೊಬೈಲ್ ಫೋಟೋದಲ್ಲಿ ಉಳಿಯುವುದು 256. ಅದರ ಮೇಲೆ ವಾಟ್ಸ್‌ಆ್ಯಪ್ ಇನ್ನಷ್ಟು ಕುಗ್ಗಿಸುತ್ತದೆ. ಸಿಟಿ ಸ್ಕ್ಯಾನ್ ಆದರಂತೂ ನೂರಾರು ಚಿತ್ರಗಳಲ್ಲಿ ಒಂದೆರಡರ ಫೋಟೋ ಕಳಿಸುವುದು ಸುಮ್ನೆ ದಂಡ.

ಎಕ್ಸ್‌-ರೇ ತೆಗೆದ ಕಡೆ ಡೈಕಾಂ ಫೈಲ್ ಕೇಳಿ, ಸಿಡಿಯಲ್ಲೋ ಪೆನ್‌ಡ್ರೈವಲ್ಲೋ ಕೊಡುತ್ತಾರೆ. ವಾಟ್ಸ್‌ಆ್ಯಪಲ್ಲೇ ಕಳಿಸಬೇಕಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಕುಗ್ಗುವುದಿಲ್ಲ. ಡಾಕ್ಟರಿಗೂ ಫೋನಲ್ಲಿ ಬೇಡ, ಕಂಪ್ಯೂಟರಲ್ಲಿ ತೆರೆದು ನೋಡಿ ಅಂತ ಹೇಳಿ. (ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಕೈಕೊಟ್ಟಾಗ ನಾವು ಸಿಡಿಯನ್ನು ಮೈಸೂರು ಬಸ್ಸಿಗೆ ಕೊಟ್ಟು ಕಳಿಸಿದ್ದೂ ಇದೆ.)

ನಿಮ್ಮಪ್ಪನಿಗೆ ಹೆಬ್ಬೆರಳು ಮೇಲೆತ್ತಲು ಹೇಳಿ. ಬುಡದಲ್ಲೊಂದು ಸಣ್ಣ ಗುಳಿ ಬೀಳುತ್ತದಲ್ವಾ, ಅಲ್ಲಿ ಮೆತ್ತಗೆ ಒತ್ತಿ. ನೋವಾದರೆ ಫೈಲಿಗೂ ಕಾಯಬೇಡಿ, ಹತ್ತಿರದ ಮೂಳೆ ಡಾಕ್ಟರಿಗೆ ಕೈಯನ್ನೇ ತೋರಿಸಿ. ಈ ಬಿರುಕು ಮೊದಲ ಎಕ್ಸ್‌-ರೇಯಲ್ಲಿ ಕಾಣದೆ, ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದಾಗ ಕಾಣುವುದೂ ಉಂಟು. ಅಲ್ಲಿವರೆಗೆ ಪಟ್ಟಿ ಹಾಕಿಸಿಕೊಂಡಿರಲಿ, ಏಣಿ ಹತ್ತುವುದು ಬೇಡ.