ಕ್ರಿಸ್‌ಮಸ್‌ಕ್ಕ ಎಲ್ಲಾರೂ ಕೂಡೂಣೋ ಬ್ಯಾಡೋ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ (ಡಿಸೆಂಬರ್ 2021)

ಪ್ರಶ್ನೆ: ಡಾಕ್ಟರ್ ಅಕ್ಕಾರ, ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯವ್ರು. ಮನ್ಯಾಗ ಎಲ್ಲಾರಕಿಂತ ಸಣ್ಣಾಕಿ ನಾನು, ಲಗ್ನ ಆಗಿಲ್ಲ, ಸಾಲಿ ಟೀಚರ್ ಅದೀನಿ, ಅವ್ವನ ಜೋಡಿ ಇರ್ತೀನಿ. ಅವ್ವಗ 71, ಸಕ್ರಿ ಕಾಯಿಲೆ, ಬಿಪಿ ಎರಡೂ ಅದಾವ, ಕೋವಿಶೀಲ್ಡ್ ಎರಡನೇ ಡೋಸ್ ಜೂನ್‌ದಾಗ ಮುಗಿದೈತಿ. ಅಪ್ಪ ಮೇ ತಿಂಗಳಾಗ ಕೊರೊನಾದಿಂದ ಹೋದ್ರು. ಲಾಕ್‌ಡೌನ್ ಇತ್ತು, ದೊಡ್ಡಣ್ಣಗ ಬೆಂಗಳೂರಿಂದ ಬರಾಕ ಆಗಲಿಲ್ಲ, ಅಕ್ಕಗ ವಾಸ್ಕೋದಿಂದ ಬರಾಕ ಆಗಲಿಲ್ಲ, ಮಣ್ಣ ಮಾಡೂಮುಂದ ಪಿಪಿಇ ಕಿಟ್ ಹಾಕ್ಕೊಂಡ ನಾಕ ಮಂದಿ, ನಾನು, ನಮ್ಮ ಸಭಾಪಾಲಕರು, ಅಷ್ಟ. ಉಳಿದವ್ರೆಲ್ಲಾ ವಾಟ್ಸಾಪ್ ವಿಡಿಯೋದಾಗ ನೋಡಿದ್ರು.

ಈಗ ಎಲ್ಲಾರೂ ಕ್ರಿಸ್‌ಮಸ್‌ಕ್ಕ ಬರ್ತೀವಿ ಅಂತಾರ. ದೊಡ್ಡಣ್ಣ, ವೈನಿ, ಎರಡ ಮಕ್ಕಳು (14 ಮತ್ತು 9). ಹುಬ್ಬಳ್ಳಿ ಸಣ್ಣಣ್ಣ ರೈಲ್ವೆ ವರ್ಕ್‌ಶಾಪಿನ್ಯಾಗ ಅದಾನ, ಅವನ ಹೆಂಡ್ತಿ, ಎರಡ ವರ್ಷದ ಕೂಸು. ವಾಸ್ಕೋ ಅಕ್ಕ, ಮಾಮಾ, ಅವರ ಮಗ, ಮಾಮಾನ ತಾಯಿ. ಮಾಮಾ ಗೋವಾದಾಗ ಟೂರಿಸ್ಟ್ ಟ್ಯಾಕ್ಸಿ ಹೊಡಿತಾರ, ಡಿಸೆಂಬರ್ ಅಂದ್ರ ಅವ್ರಿಗೆ ಸೀಜನ್. ನಾವಿಬ್ರು ಸೇರಿ 13 ಮಂದಿ, 23ಕ್ಕ ಬಂದು 26ಕ್ಕ ಹೋಗೂದು ಅಂತ. ಮನ್ಯಾಗ ಎರಡ ಖೋಲಿ, ಒಂದ ಪಡಸಾಲಿ, ಒಂದ ಬಾತ್‌ರೂಮ್, ಮುಂದ ದೊಡ್ಡ ಅಂಗಳ ಐತಿ. ದೊಡ್ಡ ವೈನಿ ಇನ್ನೂ ಇಂಜೆಕ್ಷನ್ ತಗೊಂಡಿಲ್ಲ, ವಾಟ್ಸಾಪಿನ್ಯಾಗ ಏನೇನೋ ಓದಿ ಹೆದರ್ಯಾರ. ನಾನು ಈ ವರ್ಷ ಬ್ಯಾಡ ಅಂದ್ರ ದೊಡ್ಡಣ್ಣ ಎರಡ ಡೋಸ್ ಆಗ್ಯಾವಲ್ಲ ಇನ್ನೇನ ಹೆದರಿಕಿ ಅಂತಾನ, ಅಕ್ಕ ಮುಂದಿನ ವರ್ಷ ಅವ್ವ ಇರ್ತಾಳಂತ ಯಾರಿಗೆ ಗೊತ್ತು ಅಂತ ಅಳ್ತಾಳ. ಅವ್ವ ಬಾಯಿ ಬಿಡವಲ್ಲಳು, ಕೇಳಿದ್ರ "ಬಂದ್ರ ಬರ್ಲಿ" ಅಂತಾಳ, ಆದ್ರ ಕರ್ಚಿಕಾಯಿಗೆ ಕೊಬ್ರಿ ಹೆರಿಯಾಕ ಶುರು ಮಾಡ್ಯಾಳ. ಬ್ಯಾಡ ಅಂದ್ರ ನಾನ ಕೆಟ್ಟಾಕಿ, ಬರ್ರಿ ಅಂದು ಅವ್ವಗ ಏನರೆ ಆತಂದ್ರ ನಾನು ಹೆಂಗ ಬದುಕಲಿ ಹೇಳ್ರಿ.

ಉತ್ತರ: ನೋಡವಾ ತಂಗಿ, ನಿನ್ನ ಪತ್ರ ಎರಡ ಸಲ ಓದೀನಿ. ಮೊದಲ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಕೂಡ್ರಿ. ಆದ್ರ 13 ಮಂದಿ ಆ ಎರಡ ಖೋಲ್ಯಾಗ ಮೂರ ರಾತ್ರಿ ಮಲಗೂದು ಬ್ಯಾಡ. ಹಗಲಿ ಅಂಗಳದಾಗ ಕೂಡ್ರಿ, ರಾತ್ರಿ ಬ್ಯಾರೆ ಬ್ಯಾರೆ ಕಡೆ ಮಲಗ್ರಿ.

ಇದನ್ನ ನಾನು ಪುಸ್ತಕ ಓದಿ ಹೇಳಾಕತ್ತಿಲ್ಲ. ಈ ವರ್ಷ ಏಪ್ರಿಲ್ 13, ಯುಗಾದಿ ದಿವ್ಸ, ಧಾರವಾಡದಾಗ ನಮ್ಮ ಮನ್ಯಾಗ 11 ಮಂದಿ ಕೂಡಿದ್ವಿ. ನಮ್ಮ ಕಾಕಾನ ಮೊಮ್ಮಗಗ ಗಂಟ್ಲ ಸ್ವಲ್ಪ ಕೆರಿತಿತ್ತು, ಐಸ್‌ಕ್ರೀಮ್ ತಿಂದಾನ ಅಂತ ಬಿಟ್ವಿ, ಡಾಕ್ಟರ್ ಆಗಿದ್ದ ನಾನೂ ಬಿಟ್ಟೆ. ಬೇವು ಬೆಲ್ಲ ಆತು, ಹೋಳಿಗಿ ಊಟ ಆತು, ಹೊರಗ ಬಿಸಲು ಅಂತ ಕಿಟಕಿ ಹಾಕಿ ಎಸಿ ಹಚ್ಚಿ ಒಂದ ಖೋಲ್ಯಾಗ ಸಂಜಿ ತನಕ ಮಾತಾಡ್ಕೋತ ಕುಂತ್ವಿ. ಐದನೇ ದಿನಕ್ಕ ಒಬ್ರಿಗೆ ಜ್ವರ, ಹತ್ತನೇ ದಿನಕ್ಕ ಏಳ ಮಂದಿಗೆ. ಮೇ ಮೊದಲನೇ ವಾರ ನಮ್ಮ ಮಾವಶಿ ಹೋದ್ಲು. ಆ ಹುಡುಗ ಈಗೂ ನನ್ನ ಮುಂದ ಬಂದ್ರ ತಲಿ ತಗ್ಗಿಸ್ತಾನ, ಅವಂಗ ಬರೇ 15 ವರ್ಷ, ಅವಂದೇನ ತಪ್ಪಿಲ್ಲ, ಕಿಟಕಿ ತೆರಿಯದ ಕುಂತ ದೊಡ್ಡವರದು ತಪ್ಪು ಅಂತ ನಾನ ಎಷ್ಟ ಸಲ ಹೇಳಿದ್ರೂ ಅವನ ಮನಸಿಗೆ ಹತ್ತವಲ್ದು. ಹಿಂಗಾಗಿ ನಿನ್ನ ಕಡೀ ಮಾತ ಓದಿ ನನಗ ನಿದ್ದಿ ಬರಲಿಲ್ಲ.

ದೊಡ್ಡಣ್ಣನ ಮಾತು ಅರ್ಧಾ ಖರೇ ಐತಿ. ಹೋದ ತಿಂಗಳು ನಮ್ಮ ಧಾರವಾಡದಾಗ ಒಂದ ಮೆಡಿಕಲ್ ಕಾಲೇಜಿನ್ಯಾಗ ಆಗಿದ್ದನ್ನ ಪೇಪರಿನ್ಯಾಗ ಓದೇ ಇರ್ತಾನ. ನವೆಂಬರ್ 17ಕ್ಕ ಹುಡುಗ್ರದು ಒಂದ ಕಾರ್ಯಕ್ರಮ ಆತು, 25ಕ್ಕ 66 ಮಂದಿ ಪಾಸಿಟಿವ್, ಮರುದಿನ 182, ಅದರ ಮರುದಿನ 281. ಅದರಾಗ ಹೆಚ್ಚಿನವ್ರದು ಎರಡೂ ಡೋಸ್ ಆಗಿದ್ವು. ಅಂದ್ರ ಡೋಸ್ ಆದವ್ರಿಗೂ ಬರ್ತೈತಿ, ಅವರಿಂದ ಇನ್ನೊಬ್ರಿಗೂ ಹೋಗ್ತೈತಿ. ಆದ್ರ ಇಷ್ಟ ಮಂದಿಗೆ ಬಂದ್ರೂ ಬಹಳ ಮಂದಿಗೆ ಸಣ್ಣ ಲಕ್ಷಣ, ಇಲ್ಲಾ ಏನೂ ಲಕ್ಷಣ ಇರಲಿಲ್ಲ, ಇದು ಇಂಜೆಕ್ಷನ್ ಮಾಡಿದ ಉಪಕಾರ. ಅವರೆಲ್ಲಾ ಹರೇದ ಹುಡುಗ್ರು ಅನ್ನೂದು ಮಾತ್ರ ಮರಿಬಾರ್ದು. ನಿಮ್ಮ ಅವ್ವಗ 71, ಸಕ್ರಿ ಬ್ಯಾರೆ, ಡೋಸ್ ಆಗಿ ಆರ ತಿಂಗಳಾತು, ವಯಸ್ಸಾದವ್ರಿಗೆ ಮೂರನೇದು ಇನ್ನೂ ಕೊಡಾಕ ಶುರು ಮಾಡಿಲ್ಲ. ಅದರ ಮ್ಯಾಲೆ ಈ ಓಮಿಕ್ರಾನ್. ಡಿಸೆಂಬರ್ 2ಕ್ಕ ದೇಶದ ಮೊದಲನೇ ಎರಡ ಕೇಸ್ ಬೆಂಗಳೂರಾಗ ಅಂತ ಹೇಳಿದ್ರಲ್ಲ, ಅದರಾಗ ಒಬ್ರು ಅಲ್ಲಿನ ಡಾಕ್ಟರ್, ಹೊರದೇಶಕ್ಕ ಹೋಗಿರಲೇ ಇಲ್ಲ.

ಇದು ಹಬ್ಬೂದು ಹೆಂಗ ಅಂತ ಗೊತ್ತಾದ್ರ ಅರ್ಧಾ ಉತ್ತರ ನಿನಗ ಸಿಗ್ತೈತಿ. ಅಡಗಿಮನ್ಯಾಗ ಮೆಣಸಿನಕಾಯಿ ಒಗ್ಗರಣಿ ಸೀದ್ರ ಏನಾಕ್ಕೈತಿ? ಒಲಿ ಮುಂದ ಇದ್ದಾಕಿ ಒಬ್ಬಾಕಿನ ಕೆಮ್ಮೂದಿಲ್ಲ, ಪಡಸಾಲ್ಯಾಗ ಕುಂತವ್ರೂ ಕೆಮ್ಮತಾರ. ಕಿಟಕಿ ಬಾಗಲಾ ತೆರದ್ರ ಘಾಟು ಹೋಗ್ತೈತಿ, ಅದ ಅಂಗಳದಾಗ ಒಲಿ ಹೂಡಿದ್ರ ಗೊತ್ತೂ ಆಗೂದಿಲ್ಲ. ವೈರಸ್ ಉಸರಿನ್ಯಾಗ ಹಿಂಗ ತೇಲ್ತೈತಿ, ವಾಸನಿ ಒಂದ ಇಲ್ಲ. ಡಿಸೆಂಬರ್ ಥಂಡಿಗೆ ಎಲ್ಲಾ ಕಿಟಕಿ ಹಾಕಿ ಚಾಪಿ ಹಾಸಿ ಸಾಲಾಗಿ ಎಂಟ ತಾಸು ಮಲಗೂದ ನಿಮ್ಮ ಕಾರ್ಯಕ್ರಮದಾಗ ಎಲ್ಲಾದ್ರಕಿಂತ ಅಪಾಯದ್ದು. ಕ್ರಿಸ್‌ಮಸ್ ಊಟ ಅಲ್ಲ.

ಈಗ ಒಬ್ಬೊಬ್ರದು ನೋಡೂಣು. ಸಣ್ಣಣ್ಣಂದು ಸಸಾರ, ಹುಬ್ಬಳ್ಳಿಯಿಂದ ತಾಸು ಒಂದೂವರಿ ತಾಸಿನ ದಾರಿ, 25ಕ್ಕ ಮುಂಜಾನೆ ಬಂದು ಸಂಜಿಮುಂದ ಹೋಗ್ಲಿ. ವರ್ಕ್‌ಶಾಪಿನ್ಯಾಗ ಬಹಳ ಮಂದಿ ನಡುವ ಇರ್ತಾನ, ಅವ್ವನ ಹತ್ರ ಮಾಸ್ಕ್ ಬಿಚ್ಚಬಾರ್ದು. ದೊಡ್ಡಣ್ಣ ಮನ್ಯಾಗ ಕುಂತ ಕೆಲ್ಸ ಮಾಡ್ತಿದ್ರ 18ರಿಂದ ಮಾಲ್, ಪಾರ್ಟಿ, ಮಂದಿ ಮನಿ ಎಲ್ಲಾ ಬಿಟ್ಟು ಮಕ್ಕಳನ್ನೂ ಮನ್ಯಾಗ ಇಟ್ಕೊಳ್ಳಲಿ, ಕಾರು ಇದ್ರ ಕಾರಿನ್ಯಾಗ ಬರ್ಲಿ, ಎಸಿ ಸ್ಲೀಪರ್ ಬಸ್ಸ ಬ್ಯಾಡ, ರಾತ್ರಿಯೆಲ್ಲಾ ಮುಚ್ಚಿದ ಡಬ್ಬಿ ಅದು. ವೈನಿ ವಿಷಯದಾಗ ನಾನು ಮೆತ್ತಗ ಮಾತಾಡೂದಿಲ್ಲ. ನಾಳೆನ ಹೋಗಿ ಮೊದಲನೇ ಡೋಸ್ ಹಾಕಿಸ್ಕೊಳ್ಳಲಿ. ಅದು 25ರೊಳಗ ಕೆಲ್ಸಕ್ಕ ಬರೂದಿಲ್ಲ, ಮೈಯಾಗ ಶಕ್ತಿ ಹುಟ್ಟಾಕ ಎರಡ ಮೂರ ವಾರ ಬೇಕು, ಎರಡನೇದು ಕೋವಿಶೀಲ್ಡ್ ಆದ್ರ 84 ದಿನ, ಕೋವ್ಯಾಕ್ಸಿನ್ ಆದ್ರ 28 ದಿನ ಬಿಟ್ಟು. ಆದ್ರೂ ತಗೊಳ್ಳಲಿ, ಕ್ರಿಸ್‌ಮಸ್ ಮುಗದ ಮ್ಯಾಲೂ ಕೊರೊನಾ ಇರ್ತೈತಿ. ಅವರ ನಾಕ ಮಂದಿ ಗದಗಿನ್ಯಾಗ ಒಂದ ಲಾಡ್ಜ್ ರೂಮ್ ಹಿಡಿದು ರಾತ್ರಿ ಅಲ್ಲಿ ಮಲಗ್ಲಿ. ತವರಮನಿ ಇದ್ದೂ ಲಾಡ್ಜಾ ಅಂತ ಮಂದಿ ಆಡ್ಕೊಂಡ್ರ ಆಡ್ಕೊಳ್ಳಲಿ.

ಅಕ್ಕಂದು ಕಠಿಣ ಐತಿ ತಂಗಿ, ಇದರ ಸಲುವಾಗಿನ ನಾನು ಬಹಳ ಹೊತ್ತು ವಿಚಾರ ಮಾಡಿದೆ. ಮಾಮಾಗ ಒಂದ ವಾರ ಗಾಡಿ ನಿಲ್ಲಸು ಅನ್ನೂದು ನ್ಯಾಯ ಅಲ್ಲ, ಎರಡ ವರ್ಷ ಟೂರಿಸ್ಟ್ ಇಲ್ಲದ ಕುಂತವ್ರು ಅವರು, ಈ ಹದಿನೈದ ದಿನದ ದುಡಿಮಿ ಮ್ಯಾಲ ಮನಿ ನಡಿಬೇಕು. ಆದ್ರ ದಿನಾ ಊರೂರಿನ ಮಂದಿ ಜೋಡಿ ಮುಚ್ಚಿದ ಗಾಡ್ಯಾಗ ಕೂಡೂದು ನಿಮ್ಮ 13 ಮಂದ್ಯಾಗ ಅವರೊಬ್ಬರ. ಅಕ್ಕಗ ಎರಡ ದಾರಿ ಇಡು. 25ಕ್ಕ ಬರ್ತೀನಿ ಅಂದ್ರ ಟೆಸ್ಟ್ ಮಾಡ್ಕೊಂಡ ಬರ್ಲಿ, ಅಂಗಳದಾಗ ಇರ್ಲಿ, ಮಾಸ್ಕ್ ಬಿಚ್ಚಿ ಊಟ ಮಾಡೂಮುಂದ ಅವ್ವನಿಂದ ದೂರ ಕೂಡ್ಲಿ. ಇಲ್ಲಾ ಸೀಜನ್ ಮುಗಿಸಿ ಜನವರ್ಯಾಗ ಮಾಮಾ ಒಂದ ವಾರ ಮನ್ಯಾಗ ಇದ್ದು, ಆಮ್ಯಾಲೆ ಬಂದು ಅವ್ವನ ಮಗ್ಗಲದಾಗ ನಾಕ ದಿನ ಮಲಗ್ಲಿ. ಎರಡನೇದು ನನಗ ಸೇರ್ತೈತಿ. ಅವ್ವ ಮುಂದಿನ ವರ್ಷ ಇರ್ತಾಳೋ ಇಲ್ಲೋ ಅಂತ ಆಕಿ ಅಳೂದು ಸುಳ್ಳಲ್ಲ, ಜನವರಿ ಅಂದ್ರ ಮೂರ ನಾಕ ವಾರದ ಮಾತು ಅಂತ ಆಕಿಗೆ ಹೇಳು. ಮಾಮಾನ ತಾಯಿನ್ನ ಈ ಥಂಡ್ಯಾಗ ರೈಲಿನ್ಯಾಗ ಕರಕೊಂಡ ತಿರಗೂದು ಬ್ಯಾಡ.

ಮನ್ಯಾಗ ಮಾಡ್ಕೊಳ್ಳೂ ಟೆಸ್ಟ್ ಕಿಟ್ ಮೆಡಿಕಲ್ ಶಾಪಿನ್ಯಾಗ 250 ರೂಪಾಯಿಗೆ ಸಿಗ್ತಾವ, ಹದಿನೈದ ನಿಮಿಷದ ಕೆಲ್ಸ. ಪಾಸಿಟಿವ್ ಬಂದ್ರ ನಂಬ್ರಿ, ನೆಗೆಟಿವ್ ಬಂದ್ರ ಪೂರ್ತಿ ನಂಬಬ್ಯಾಡ್ರಿ, ಒಳಗ ಈಗಷ್ಟ ಹೊಕ್ಕಿದ್ರ ಅದಕ್ಕ ತಿಳಿಯೂದಿಲ್ಲ. ವಾರದ ಹಿಂದ ಮಾಡಿದ ಟೆಸ್ಟ್ ಉಪಯೋಗಿಲ್ಲ, ಹೊರಡೂ ದಿವ್ಸ ಒಂದು, 25ಕ್ಕ ಮುಂಜಾನೆ ಇನ್ನೊಂದು.

ಇದೆಲ್ಲಾದ್ರಕಿಂತ ದೊಡ್ಡದೊಂದ ಮಾತು ಐತಿ, ಇದನ್ನ ಇವತ್ತ ಫೋನ್ ಮಾಡಿ ಎಲ್ಲಾರ ಮುಂದ ಹೇಳಿ ಇಡು. ಯಾರಿಗೆ ಆಗ್ಲಿ ನೆಗಡಿ, ಗಂಟಲು ಕೆರತ, ಮೈ ಬೆಚ್ಚಗ, ಏನ ಇದ್ರೂ ಅವರು ಬರೂದಿಲ್ಲ. ಟಿಕೆಟ್ ಹೋದ್ರ ಹೋಗ್ಲಿ. ಮತ್ತ "ನಾವು ಬರಂಗಿಲ್ಲ" ಅಂದವ್ರಿಗೆ ಯಾರೂ "ಒಂದ ಕ್ರೋಸಿನ್ ತಗೊಂಡ ಬಾ, ಏನಾಗೂದಿಲ್ಲ" ಅನಬಾರ್ದು. ಲಕ್ಷಣ ಕಾಣೂಕಿಂತ ಎರಡ ದಿನ ಮೊದಲಿಂದನ ಇದು ಹಬ್ಬತೈತಿ, ಲಕ್ಷಣ ಕಂಡ ಮ್ಯಾಲೂ ಬಂದ್ರ ಹೆಂಗ? ನಮ್ಮ ಮನ್ಯಾಗ ಆ ಹುಡುಗಗ ಗಂಟ್ಲ ಕೆರಿತೈತಿ ಅಂತ ಹೇಳಾಕ ನಾಚಿಕಿ ಆಗಿತ್ತಂತ, ಹಬ್ಬ ಕೆಡ್ತೈತಿ ಅಂತ.

ಇನ್ನ ಅವ್ವ. ನೀವು ಮೂರೂ ಮಂದಿ ಅವ್ವನ ಸಲುವಾಗಿ ಜಗಳಾಡಾಕತ್ತೀರಿ, ಅವ್ವನ್ನ ಕೇಳಿಲ್ಲ. "ಬಂದ್ರ ಬರ್ಲಿ" ಅನ್ನೂದು ಮಕ್ಕಳ ಮನಸ ನೋಯಿಸಬಾರ್ದಂತ ಹೇಳೂ ಮಾತು. ಒಂದ ಸಂಜಿ ಕೊಬ್ರಿ ಹೆರಿಯೂಮುಂದ ಆಕಿ ಜೋಡಿ ಕುಂದ್ರು, ಬಂದ್ರ ಹಿಂಗ ಆಗಬಹುದು, ಬರದಿದ್ರ ಹಿಂಗ, ಅಂತ ಮುಚ್ಚುಮರಿ ಇಲ್ಲದ ಹೇಳು, ಗಂಡನ್ನ ಕಳಕೊಂಡಾಕಿ, ಆಕಿಗೆ ತಿಳಿದೇ ಇರೂದು ಏನೂ ಇಲ್ಲ. ನನಗ ಹೆದರಿಕಿ ಆಗ್ತೈತಿ ಅಂತ ಗಂಡಮಕ್ಕಳ ಮುಂದ ಹೇಳಲಾರದಾಕಿ ನಿನ್ನ ಮುಂದ ಹೇಳಬಹುದು. ಇಲ್ಲಾ, ನನ್ನ ಮೊಮ್ಮಕ್ಕಳನ್ನ ನೋಡೇ ನೋಡ್ತೀನಿ, ಆದದ್ದ ಆಗ್ಲಿ ಅನ್ನಬಹುದು. ಎರಡೂ ಆಕಿ ಹಕ್ಕು. ಏನ ಹೇಳಿದ್ಲೋ ಅದನ್ನ ಆಕಿ ಬಾಯಿಲೇ ದೊಡ್ಡಣ್ಣಗ ಹೇಳಿಸು, ಉಳಿದ ಬಿಗಿ ಮಾತಿಗೆಲ್ಲಾ ಡಾಕ್ಟರ್ ಹೇಳ್ಯಾರ ಅಂತ ನನ್ನ ಮ್ಯಾಲ ಹಾಕು. ಕೆಟ್ಟಾಕಿ ಆಗೂದು ನನಗಿರ್ಲಿ, ನೀ ಮೇದಾಗ ಒಬ್ಬಾಕಿನ ಹೊತ್ತದ್ದು ಸಾಕು.

ಮತ್ತೊಂದು. 25ಕ್ಕ ಆರಾಧನಿ ಮುಗದ ಮ್ಯಾಲ ಬಂದವ್ರೆಲ್ಲಾ ಅಪ್ಪಾರ ಸಮಾಧಿಗೆ ಹೋಗ್ರಿ. ಬಯಲು ಜಾಗ, ಗಾಳಿ ಆಡ್ತೈತಿ, ಅಲ್ಲಿ ಎಲ್ಲಾರೂ ಒಟ್ಟಿಗೆ ನಿಂದ್ರಬಹುದು, ಅಲ್ಲಿ ಎಷ್ಟ ಹೊತ್ತ ನಿಂತ್ರೂ ನನಗ ಹೆದರಿಕಿ ಇಲ್ಲ. ದೊಡ್ಡಣ್ಣ ಇನ್ನೂ ಆ ಮಣ್ಣ ಮುಟ್ಟಿಲ್ಲ.

ಪ್ರಶ್ನೆ: ನಾವು ಹುಬ್ಬಳ್ಳಿ ಕೇಶ್ವಾಪುರದ ಹುಡುಗ್ರು, ಕ್ಯಾರಲ್ ಹಾಡಾಕ 20 ಮಂದಿ ಮನಿಮನಿಗೆ ಹೋಗಬೇಕಂತ ಮಾಡೀವಿ. ಒಂದ ಹಾಲ್‌ದಾಗ ಪ್ರಾಕ್ಟೀಸ್ ನಡದೈತಿ. ನಡೀತೈತಾ ಮೇಡಂ?

ಉತ್ತರ: ಆ ಹಾಲ್ ಬಿಡ್ರಪಾ ಮೊದಲ. ಅಮೆರಿಕಾದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಅನ್ನೂ ಕಡೆ ಮಾರ್ಚ್ 2020ರಾಗ ಒಂದ ಹಾಡಿನ ತಂಡ ಎರಡೂವರಿ ತಾಸು ಒಳಗ ಪ್ರಾಕ್ಟೀಸ್ ಮಾಡಿತ್ತು, 61 ಮಂದ್ಯಾಗ 53 ಮಂದಿಗೆ ಬಂತು, ಇಬ್ರು ಸತ್ರು. ಎದಿ ತುಂಬಿ ಹಾಡೂಮುಂದ ಉಸರು ಮಾತಿಗಿಂತ ಎಷ್ಟೋ ಹೆಚ್ಚು ಹೊರಗ ಬರ್ತೈತಿ. ಮೈದಾನದಾಗ ಇಲ್ಲಾ ಮಾಳಿಗಿ ಮ್ಯಾಲ ಪ್ರಾಕ್ಟೀಸ್ ಮಾಡ್ರಿ, 20 ಮಂದಿ ಬದಲಿ 7-8 ಮಂದಿ ಹೋಗ್ರಿ, ಮನಿ ಒಳಗ ಕಾಲಿಡಬ್ಯಾಡ್ರಿ. ಗೇಟಿನ ಹೊರಗ ನಿಂತು ಹಾಡ್ರಿ, ವಯಸ್ಸಾದವ್ರು ಬಾಗಲದಾಗ ಕುಂತ ಕೇಳ್ಲಿ. ಹೋದ ವರ್ಷ ಯಾರೂ ಹಾಡಾಕ ಬರಲಿಲ್ಲ ಅಂತ ನನ್ನ ಪೇಶಂಟ್ ಅಜ್ಜಿ ಒಬ್ರು ಬಹಳ ಸಂಕಟಪಟ್ಟಿದ್ರು, ಹಿಂಗಾಗಿ ಪೂರಾ ಬಿಡ್ರಿ ಅಂತ ನಾನು ಹೇಳೂದಿಲ್ಲ.

ಪ್ರಶ್ನೆ: ಎಲ್ಲಾರೂ ಕೂಡಿ ಹೋದ ಮ್ಯಾಲ ಎಷ್ಟ ದಿನ ಹುಷಾರಿರಬೇಕ್ರಿ? (ಧಾರವಾಡ)

ಉತ್ತರ: 14 ದಿನ. ಹೆಚ್ಚಾಗಿ ಐದನೇ ದಿನದ ಹೊತ್ತಿಗೆ ಕಾಣ್ತೈತಿ. ಯಾರಿಗೆ ಜ್ವರ ಬಂದ್ರೂ ಉಳಿದವ್ರಿಗೆಲ್ಲಾ ಅವತ್ತ ಫೋನ್ ಮಾಡ್ರಿ. ಮನ್ಯಾಗ ಆಕ್ಸಿಮೀಟರ್ ಇಟ್ಕೊಳ್ರಿ, 94ಕಿಂತ ಕೆಳಗ ಇಳದ್ರ ರಾತ್ರಿ ಇರ್ಲಿ ಹಗಲಿರ್ಲಿ ದವಾಖಾನಿಗೆ ಹೋಗ್ರಿ, ಮುಂಜಾನೆ ನೋಡೂಣು ಅನಬ್ಯಾಡ್ರಿ.

ಪ್ರಶ್ನೆ: ನಾವು ಹಾವೇರಿಯವ್ರು, ಲಿಂಗಾಯತರು. ಬಾಜೂ ಮನಿ ಕ್ರಿಶ್ಚಿಯನ್ ಅಕ್ಕಾರು ವರ್ಷಾ ಕ್ರಿಸ್‌ಮಸ್‌ಕ್ಕ ಚಕ್ಕಲಿ, ಕರ್ಚಿಕಾಯಿ, ಕೇಕ್ ಕೊಡ್ತಾರ, ನಾವು ದೀಪಾವಳಿಗೆ ಫರಾಳ ಕೊಡ್ತೀವಿ. ಹೋದ ವರ್ಷ ಹೆದರಿ ಇಬ್ರೂ ಬಿಟ್ವಿ, ಈ ದೀಪಾವಳಿಗೂ ನಾವು ಕೊಡಲಿಲ್ಲ. ಈ ಸಲ ಅವರು ಕೊಟ್ರ ತಗೋಬಹುದಾ?

ಉತ್ತರ: ತಗೋರಿ, ಖುಷಿಲೇ ತಗೋರಿ. ತಿನ್ನೂ ಪದಾರ್ಥದಿಂದ, ಡಬ್ಬಿಯಿಂದ ಇದು ಹಬ್ಬೂದಿಲ್ಲ, ಡಬ್ಬಿ ಇಸ್ಕೊಂಡು ಒಳಗ ಕುಂತು ಎರಡ ತಾಸು ಮಾತಾಡಿದ್ರ ಹಬ್ಬತೈತಿ. ಕೈ ತೊಳಕೊಂಡು ತಿನ್ರಿ. ಅವರು ಕೊಡೂ ತನಕ ಕಾಯಬ್ಯಾಡ್ರಿ, ದೀಪಾವಳಿದು ನಿಮ್ಮ ಕಡೆ ಬಾಕಿ ಐತಿ, 24ಕ್ಕ ಸಂಜಿಮುಂದ ನೀವ ಒಂದ ಡಬ್ಬಿ ಉಂಡಿ ತಗೊಂಡ ಹೋಗಿ ಅವರ ಕಟ್ಟಿ ಮ್ಯಾಲ ಕುಂದ್ರಿ.