7 ತಿಂಗಳು ಇಂಡಿಯಾದಲ್ಲಿದ್ದೆ, ಅಮೆರಿಕ ಸಿಟಿಜನ್‌ಶಿಪ್ಪಿಗೆ ಹಾಕಬಹುದಾ?

ಪ್ರಶ್ನೆ: ಸರ್, ಗ್ರೀನ್ ಕಾರ್ಡ್ ಬಂದು ಮುಂದಿನ ತಿಂಗಳಿಗೆ 5 ವರ್ಷ. ಮಧ್ಯೆ ಅಪ್ಪಂಗೆ ಹುಷಾರಿಲ್ಲ ಅಂತ ಒಂದ್ಸಲ 7 ತಿಂಗಳು ಇಂಡಿಯಾದಲ್ಲೇ ಇದ್ದೆ, ಹೆಂಡ್ತಿ ಮಕ್ಕಳು ಇಲ್ಲೇ ಇದ್ರು. ಸಿಟಿಜನ್‌ಶಿಪ್ಪಿಗೆ ಹಾಕಬಹುದಾ? ಇನ್ನೊಂದು, ಹೋದ ವರ್ಷ ಸಿಟಿಜನ್ ಆದ ಫ್ರೆಂಡು "ನಾವು ಕ್ಯೂನಲ್ಲಿ ನಿಂತು ಬಂದೋರು, ಇನ್ನು ಬಾಗ್ಲು ಹಾಕ್ಲಿ" ಅಂತಾನೆ. ನೀವೇನಂತೀರಿ?

ಉತ್ತರ: ಹಾಕಬಹುದು. 5 ವರ್ಷ ತುಂಬೋಕೆ 90 ದಿನ ಇರುವಾಗ್ಲೇ ಹಾಕೋಕೆ ಬಿಡ್ತಾರೆ, ಫಾರ್ಮ್ ಎನ್-400, ಆನ್‌ಲೈನಲ್ಲಾದ್ರೆ 710 ಡಾಲರ್.

ಆದ್ರೆ ಆ 7 ತಿಂಗಳನ್ನ ಹಗುರವಾಗಿ ತಗೋಬೇಡಿ. 5 ವರ್ಷದಲ್ಲಿ 30 ತಿಂಗಳಾದ್ರೂ ಅಮೆರಿಕದಲ್ಲಿ ಇದ್ದಿರಬೇಕು ಅನ್ನೋದು ಒಂದು ಲೆಕ್ಕ, ಬೇರೆ ಟ್ರಿಪ್ಪೆಲ್ಲ ಕೂಡಿಸಿದ್ರೂ ಬಹುಶಃ ಅದ್ರಲ್ಲಿ ನೀವು ದಾಟ್ತೀರಿ, ತೊಡಕಿರೋದು ಎರಡನೇ ಲೆಕ್ಕದಲ್ಲಿ, ಯಾಕಂದ್ರೆ ಒಂದೇ ಟ್ರಿಪ್ಪು 6 ತಿಂಗಳು ಮೀರಿದ್ರೆ ಅಮೆರಿಕದಲ್ಲಿ ನಿಮ್ಮ ನಿರಂತರ ವಾಸ ತುಂಡಾಯ್ತು ಅಂತಲೇ ಆಫೀಸರ್ ಶುರು ಮಾಡೋದು, ಇಲ್ಲ ಸ್ವಾಮಿ ಆಗಿಲ್ಲ ಅಂತ ತೋರಿಸೋ ಹೊಣೆ ನಿಮ್ದು. ಹೆಂಡ್ತಿ ಮಕ್ಕಳು ಇಲ್ಲೇ ಇದ್ದಿದ್ದು ನಿಮಗೆ ದೊಡ್ಡ ಬಲ. ಮಕ್ಕಳ ಸ್ಕೂಲ್ ರೆಕಾರ್ಡು, ಮನೆ ಬಾಡಿಗೆ ಅಥವಾ ಲೋನ್ ಪೇಪರ್ರು, ಕೆಲ್ಸ ಬಿಟ್ಟಿಲ್ಲ ಅಂತ ಕಂಪನಿ ಲೆಟರ್ರು, ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟು, ಅಪ್ಪನ ಆಸ್ಪತ್ರೆ ಕಾಗದ ಎಲ್ಲಾ ಇಂಟರ್‌ವ್ಯೂಗೆ ಒಯ್ಯಿರಿ. ಹೋದ-ಬಂದ ತಾರೀಕು ಅಂದಾಜಲ್ಲಿ ಬರೀಬೇಡಿ, ಪಾಸ್‌ಪೋರ್ಟ್ ಸ್ಟಾಂಪ್ ನೋಡ್ಕೊಂಡೇ ಬರೀರಿ.

ಸಿಟಿಜನ್‌ಶಿಪ್ಪಿಗೆ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳೋ ಪರೀಕ್ಷೆ ಈಗ ಸ್ವಲ್ಪ ಉದ್ದ ಆಗಿದೆ. 2025ರ ಅಕ್ಟೋಬರ್ 20ರಿಂದೀಚೆ ಅರ್ಜಿ ಹಾಕಿದೋರಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳ್ತಾರೆ, 12 ಸರಿ ಇರಬೇಕು. ಓದಿದ್ರೆ ಕಷ್ಟ ಏನಲ್ಲ.

ಇನ್ನು ನಿಮ್ಮ ಫ್ರೆಂಡ್ ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋ ಹಾಗಿದೆ ಅದು. ಕ್ಯೂನಲ್ಲಿ ನಿಂತಿದ್ದು ನಿಜ, ಒಪ್ತೀನಿ, ಆದ್ರೆ ಆ ಕ್ಯೂ ಮಾಡಿದ್ದು ಯಾರು? 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋರು, ಅಮೆರಿಕ ಸೇನೇಲಿ ಇದ್ದೋರು, ಅವರಿಗೇ ಸುಪ್ರೀಂ ಕೋರ್ಟು ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂತು. 1946ರಲ್ಲಿ ಬಾಗ್ಲು ತೆಗೆದ್ರೂ ವರ್ಷಕ್ಕೆ ಬರೀ 100 ಭಾರತೀಯರಿಗೆ. 1965ರ ವಲಸೆ ಕಾನೂನು ಬಂದ್ಮೇಲೇನೇ ನಮ್ಮೋರು ದೊಡ್ಡ ಸಂಖ್ಯೇಲಿ ಬರೋಕಾಗಿದ್ದು. ಈಗ್ಲೂ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದೋರಿಗೆ ಶೇ. 7 ಅನ್ನೋ ಮಿತಿಯಿಂದ, ಪಕ್ಕದ ಸೀಟಲ್ಲಿ ಅದೇ ಕೆಲ್ಸ ಮಾಡೋನು ಬೇರೆ ದೇಶದಲ್ಲಿ ಹುಟ್ಟಿದಾನೆ ಅನ್ನೋ ಒಂದೇ ಕಾರಣಕ್ಕೆ ಎಷ್ಟೋ ವರ್ಷ ಮುಂಚೆ ಗ್ರೀನ್ ಕಾರ್ಡ್ ತಗೋತಾನೆ. ಲೀಗಲ್ಲಾಗಿ ಬನ್ನಿ ಅನ್ನೋದು ಸರಿಯೇ, ಹಾಗಂದ್ಮೇಲೆ ಲೀಗಲ್ ದಾರಿ ಇರಬೇಕಲ್ವಾ, ಅದನ್ನೂ ಮುಚ್ಚಿ ಅನ್ನೋದು ನನಗಂತೂ ಅರ್ಥ ಆಗಲ್ಲ.

ಕೊನೇದಾಗಿ ನೀವು ಕೇಳದೇ ಇರೋದೊಂದು. ಸಿಟಿಜನ್ ಆಗೋ ಓತ್ (ಪ್ರಮಾಣ) ತಗೊಂಡ ದಿನವೇ ಭಾರತದ ಪೌರತ್ವ ಹೋಗುತ್ತೆ, ಆ ಪಾಸ್‌ಪೋರ್ಟಲ್ಲಿ ಓಡಾಡಬೇಡಿ, ಸರೆಂಡರ್ ಮಾಡಿ ಓಸಿಐ, ಅಂದ್ರೆ ವಿದೇಶಿ ಪೌರತ್ವ ಇರೋ ಭಾರತ ಮೂಲದೋರಿಗೆ ಭಾರತ ಕೊಡೋ ಕಾರ್ಡು, ಮಾಡಿಸ್ಕೊಳ್ಳಿ. ಓಸಿಐ ಇದ್ರೆ ಅಲ್ಲಿ ಓಟಿಲ್ಲ, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಅಪ್ಪನ ಜಮೀನು ವಾರಸುದಾರಿಕೇಲಿ ಬಂದ್ರೆ ಆ ಮಾತು ಬೇರೆ, ಅದಕ್ಕೆ ಅಡ್ಡಿ ಇಲ್ಲ.