ಕೈಪಿಡಿ ಬರೆಯಿರಿ, ಆದರೆ ಕುರ್ಚಿ ಬಿಟ್ಟು ಏಳಬೇಡಿ

ನ್ಯೂಜೆರ್ಸಿಯ ಓದುಗರೊಬ್ಬರು ಬರೆಯುತ್ತಾರೆ: "ನಿವೃತ್ತನಾದ ಮೇಲೆ ಇಲ್ಲಿನ ಪಬ್ಲಿಕ್ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಕಾಲೇಜು ಅರ್ಜಿ ತುಂಬಲು ನೆರವಾಗುತ್ತಿದ್ದೇನೆ. ಬರುವವರೆಲ್ಲ ತಮ್ಮ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಹೊರಟವರು. ಒಂದೊಂದು ಪ್ರಶ್ನೆಗೂ ನನ್ನ ಮುಖ ನೋಡುತ್ತಾರೆ. ಮೊನ್ನೆ ಒಬ್ಬ ಹುಡುಗಿಯ ಒಂದೇ ಫಾರಂಗೆ ಇಡೀ ಸಂಜೆ ಹೋಯಿತು. ಇದರ ಬದಲು ಎಲ್ಲವನ್ನೂ ಸರಳವಾಗಿ ವಿವರಿಸುವ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಹಂಚಿದರೆ ನೂರಾರು ಮಕ್ಕಳಿಗೆ ಉಪಯೋಗವಾಗದೇ? ಹೀಗೆ ಕೈಹಿಡಿದು ನಡೆಸಿದರೆ ಅವರು ತಮ್ಮ ಕಾಲ ಮೇಲೆ ನಿಲ್ಲುವುದು ಎಂದು? ನನ್ನ ಇಬ್ಬರು ಮಕ್ಕಳೂ ಇಲ್ಲೇ ಓದಿದರು, ತಾವೇ ಅರ್ಜಿ ಹಾಕಿಕೊಂಡರು. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ: ಸೀಟು ಸಿಕ್ಕಿದರೂ ಮುಂಗಡ ಕಟ್ಟಲು ಹಣವಿಲ್ಲವೆಂದು ಒಬ್ಬ ಹುಡುಗ ಕಾಲೇಜನ್ನೇ ಬಿಡಲು ಹೊರಟಿದ್ದಾನೆ. ಏನು ಹೇಳಲಿ?"

ಮಾನ್ಯರೇ,

ನಿವೃತ್ತಿಯ ಸಂಜೆಗಳನ್ನು ಬೇರೆಯವರ ಮಕ್ಕಳಿಗೆ ಕೊಟ್ಟಿರುವ ನಿಮ್ಮ ಮೇಲೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ. ಒಂದು ಸಂಜೆ ಹೋಯಿತು ಎಂದು ನೀವು ಬರೆದಿದ್ದೀರಿ. ಈ ವರ್ಷ ನೀವು ಮಾಡಿದ ಅತಿ ದೊಡ್ಡ ಕೆಲಸ ನಡೆದದ್ದು ಆ ಸಂಜೆಯಲ್ಲೇ ಎಂದು ನಾನು ನಂಬುತ್ತೇನೆ.

ಕೈಪಿಡಿಯ ಪರವಾಗಿ ಹೇಳುವ ಮಾತೇ ಇಲ್ಲವೆಂದಲ್ಲ. ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಬ್ಬರ ಪಕ್ಕದಲ್ಲಿ ಮಾತ್ರ ಕೂರಬಲ್ಲ, ಪುಸ್ತಿಕೆ ಸಾವಿರ ಮನೆಗೆ ಹೋಗಬಲ್ಲದು. ಕೊನೆಯ ದಿನಾಂಕಗಳು, ಬೇಕಾದ ಕಾಗದಪತ್ರಗಳು, ಶುಲ್ಕ ವಿನಾಯಿತಿಯ ವಿವರ ಒಂದೆಡೆ ಸಿಕ್ಕರೆ ಒಳ್ಳೆಯದೇ. ಬರೆಯಿರಿ. ಆದರೆ ಅದನ್ನು ಆ ಸಂಜೆಯ ಬದಲಿಗೆ ಬರೆಯುವುದಾದರೆ ನನ್ನ ಪೂರ್ಣ ವಿರೋಧವಿದೆ.

ಇದು ಬರೀ ನನ್ನ ಹಠವಲ್ಲ. 2008ರಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಒಹಾಯೊ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ, ತೆರಿಗೆ ಲೆಕ್ಕ ತುಂಬಿಕೊಡುವ ಎಚ್ ಆ್ಯಂಡ್ ಆರ್ ಬ್ಲಾಕ್ ಕಂಪನಿಯ ಕಚೇರಿಗಳಲ್ಲಿ ಒಂದು ಪ್ರಯೋಗ ನಡೆಸಿತು. ವರ್ಷದ ಆದಾಯ 45,000 ಡಾಲರ್ ದಾಟದ ಕುಟುಂಬಗಳನ್ನು ಆರಿಸಿಕೊಂಡು, ಯಾವ ಗುಂಪಿಗೆ ಯಾರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಒಂದು ಗುಂಪಿನವರನ್ನು ತೆರಿಗೆ ಕೆಲಸ ಮುಗಿದೊಡನೆ ಅಲ್ಲೇ ಕೂರಿಸಿಕೊಂಡು, ತೆರಿಗೆ ಕಾಗದದ ಅಂಕಿಗಳನ್ನೇ ಬಳಸಿ ಫ್ಯಾಫ್ಸಾ, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿಯನ್ನು ತುಂಬಿಕೊಟ್ಟರು. ಇದಕ್ಕೆ ತಗುಲಿದ್ದು ಹತ್ತು ನಿಮಿಷದ ಆಸುಪಾಸು. ಇನ್ನೊಂದು ಗುಂಪಿಗೆ ನಿಮಗೆ ಇಷ್ಟು ನೆರವು ಸಿಗಬಹುದು, ಹತ್ತಿರದ ಕಾಲೇಜುಗಳ ಶುಲ್ಕ ಇಷ್ಟು ಎಂಬ ವಿವರವನ್ನು ಕೈಗಿತ್ತು, ಅರ್ಜಿ ನೀವೇ ಹಾಕಿಕೊಳ್ಳಿ ಎಂದು ಕಳುಹಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅರ್ಜಿ ತುಂಬಿಸಿಕೊಂಡ ಮನೆಗಳ ಹೈಸ್ಕೂಲ್ ಕೊನೆಯ ವರ್ಷದ ಮಕ್ಕಳಲ್ಲಿ, ಮುಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಕಾಲೇಜು ಮುಗಿಸಿದವರ ಪ್ರಮಾಣ ಶೇಕಡಾ 28ರಿಂದ 36ಕ್ಕೆ ಏರಿತ್ತು. ಬರೀ ವಿವರ ಪಡೆದು ಮನೆಗೆ ಹೋದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇರಲಿಲ್ಲ. ಅವರ ಕೈಗೆ ಸಿಕ್ಕಿದ್ದು, ಮಾನ್ಯರೇ, ನಿಮ್ಮ ಕೈಪಿಡಿಯೇ.

ಆಮೇಲೆ ಮೊಬೈಲ್ ಸಂದೇಶಗಳ ಕಾಲ ಬಂತು. ಪರಿಚಯದ ಕೌನ್ಸೆಲರ್ ಸಂದೇಶದ ಆ ತುದಿಯಲ್ಲಿದ್ದು, ಮಗು ತಿರುಗಿ ಬರೆದರೆ ಉತ್ತರ ಕೊಡುತ್ತಿದ್ದ ಚಿಕ್ಕ ಕಾರ್ಯಕ್ರಮಗಳಲ್ಲಿ ಫಲ ಕಂಡಿತು. ಅದನ್ನು ನೋಡಿ, ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಫ್ಯಾಫ್ಸಾ ತುಂಬುವಂತೆ ನೆನಪಿಸುವ ಸಂದೇಶಗಳನ್ನು ಒಟ್ಟಿಗೆ ಕಳುಹಿಸಿ ಪರೀಕ್ಷಿಸಿದರು. ಕಾಲೇಜು ಸೇರಿದವರ ಸಂಖ್ಯೆ ಹೆಚ್ಚಲಿಲ್ಲ. ಮನುಷ್ಯನನ್ನು ತೆಗೆದು ಮಾತನ್ನಷ್ಟೇ ಉಳಿಸಿಕೊಂಡಾಗ ಮಾತಿನ ಬಲವೂ ಹೋಯಿತು.

ಕಾಗದ ಗೆದ್ದ ಒಂದು ಉದಾಹರಣೆ ನನಗೆ ಗೊತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯ ತನ್ನ ರಾಜ್ಯದ ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ಒಂದು ಪತ್ರ ಕಳುಹಿಸಿತು. ನಿನಗೆ ಪ್ರವೇಶ ಸಿಕ್ಕರೆ ನಾಲ್ಕು ವರ್ಷ ಟ್ಯೂಷನ್ ಮತ್ತು ಶುಲ್ಕ ಪೂರ್ತಿ ಮಾಫಿ, ಈ ಭರವಸೆಗೆ ಯಾವ ಫಾರಂ ತುಂಬುವುದೂ ಬೇಡ ಎಂಬುದು ಅದರ ಒಕ್ಕಣೆ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ನೆರವು ಹೇಗೂ ಸಿಗುತ್ತಿತ್ತು. ಆದರೂ ಪತ್ರ ಬಾರದವರಲ್ಲಿ ಶೇಕಡಾ 26 ಮಂದಿ ಮಾತ್ರ ಅರ್ಜಿ ಹಾಕಿದ್ದರೆ, ಬಂದವರಲ್ಲಿ 68 ಮಂದಿ ಹಾಕಿದರು. ಸೇರಿದವರು 12ರಿಂದ 27ಕ್ಕೆ ಏರಿದರು. ಆ ಪತ್ರ ದಾರಿಯನ್ನು ವಿವರಿಸಿ ಸುಮ್ಮನಾಗಲಿಲ್ಲ, ಹೆಸರು ಹಿಡಿದು ಬಾ ಎಂದು ಕರೆದಿತ್ತು. ನಿಮ್ಮ ಕೈಪಿಡಿಗೆ ಅಂಥ ಮಾತು ಕೊಡುವ ಅಧಿಕಾರವಿದೆಯೇ?

ಇನ್ನು, ಮಕ್ಕಳು ತಾವೇ ಅರ್ಜಿ ಹಾಕಿಕೊಂಡರು ಎಂಬ ನಿಮ್ಮ ಮಾತು. ಇದು ನನಗೆ ಸ್ವಲ್ಪ ನೋವನ್ನೇ ತಂದಿತು. ಆ ವರ್ಷವನ್ನು ದಯವಿಟ್ಟು ನೆನಪಿಸಿಕೊಳ್ಳಿ. ಹನ್ನೊಂದನೆಯ ತರಗತಿಗೆ ಮೊದಲೇ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಮಾತು ತೆಗೆದವರು ಯಾರು? ರಜೆಯಲ್ಲಿ ಕಾರು ಓಡಿಸಿಕೊಂಡು ಕ್ಯಾಂಪಸ್ ತೋರಿಸಿ ಬಂದವರು ಯಾರು? ಪ್ರಬಂಧದ ಮೊದಲ ಕರಡು ಓದಿ, ಇಲ್ಲಿ ನೀನೇ ಕಾಣುತ್ತಿಲ್ಲವಲ್ಲ ಎಂದವರು ಯಾರು? ತೆರಿಗೆ ಕಾಗದಗಳು ವರ್ಷವಾರು ಜೋಡಿಸಿದ ಫೈಲಿನಲ್ಲಿ ಸಿದ್ಧವಾಗಿದ್ದವಲ್ಲ, ಅದು ಯಾರ ಅಚ್ಚುಕಟ್ಟು? ಶಿಫಾರಸು ಪತ್ರವನ್ನು ಮೇಷ್ಟರ ಹತ್ತಿರ ತಿಂಗಳ ಮೊದಲೇ ಕೇಳಬೇಕು ಎಂದು ಊಟಕ್ಕೆ ಕೂತಾಗ ಹೇಳಿದ ಒಂದು ಮಾತಿನ ಬೆಲೆ, ಅದನ್ನು ಹೇಳುವವರಿಲ್ಲದ ಮನೆಯ ಮಗುವಿಗೆ ಗೊತ್ತು. ನಿಮ್ಮ ಮಕ್ಕಳ ಪಕ್ಕದಲ್ಲೂ ಒಬ್ಬರು ಕುಳಿತಿದ್ದರು. ಮನೆಯವರೇ ಆದ್ದರಿಂದ ಅದು ನೆರವಿನ ಲೆಕ್ಕಕ್ಕೆ ಬರಲಿಲ್ಲ. ಅದರಿಂದ ಅವರೇನೂ ಸೊರಗಲಿಲ್ಲ. ಹಾಗಿರುವಾಗ ಆ ಹುಡುಗಿ ನಿಮ್ಮ ಮುಖ ನೋಡಿದರೆ ಮಾತ್ರ ಸ್ವಾವಲಂಬನೆಗೆ ಕುಂದು ಬರುವುದು ಹೇಗೆ?

ಮಿಶೆಲ್ ಒಬಾಮಾ ಅವರ ತಂದೆ ಶಿಕಾಗೋ ನಗರದ ನೀರು ಸರಬರಾಜು ಘಟಕದಲ್ಲಿ ದುಡಿದವರು. ಪ್ರಿನ್ಸ್‌ಟನ್‌ಗೆ ಅರ್ಜಿ ಹಾಕುತ್ತೇನೆಂದಾಗ, ನೀನು ಅಲ್ಲಿಗೆ ತಕ್ಕವಳೋ ಇಲ್ಲವೋ ಎಂಬ ಧಾಟಿಯಲ್ಲಿ ಶಾಲೆಯ ಕೌನ್ಸೆಲರ್ ಮಾತನಾಡಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಅವರು ಅರ್ಜಿ ಹಾಕಿದರು, 1985ರಲ್ಲಿ ಅಲ್ಲಿಂದಲೇ ಪದವಿ ಪಡೆದರು. ಅವರ ಛಲ ದೊಡ್ಡದು, ಒಪ್ಪುತ್ತೇನೆ. ಆದರೆ ಅಣ್ಣ ಕ್ರೇಗ್ ಆಗಲೇ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಅಲ್ಲಿಗೆ ಹೋಗಿಬಂದ ಒಬ್ಬ ಮನುಷ್ಯ ಮನೆಯಲ್ಲಿದ್ದ. ಅಣ್ಣನಿಲ್ಲದ ಹುಡುಗಿಗೆ ನೀವು ಆ ಅಣ್ಣನಾಗಿದ್ದೀರಿ.

ನಾನೂ ವಸಂತದ ತಿಂಗಳುಗಳಲ್ಲಿ ಇಲ್ಲಿನ ಪಬ್ಲಿಕ್ ಲೈಬ್ರರಿಯಲ್ಲಿ ಇದೇ ಕೆಲಸಕ್ಕೆ ಕೂರುತ್ತೇನೆ. ಕಳೆದ ವರ್ಷ ಒಬ್ಬ ತಾಯಿ ಮಗನೊಂದಿಗೆ ಬಂದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕೆಲಸದ ಗುರುತುಚೀಟಿ ಇನ್ನೂ ಕೊರಳಲ್ಲಿತ್ತು. ಕಾಲೇಜಿನಿಂದ ಬಂದ ನೆರವಿನ ಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟು, ಎಲ್ಲ ಖರ್ಚೂ ಅವರೇ ಕೊಡುತ್ತಾರಂತೆ ಎಂದರು. ಪತ್ರದ ತಲೆಯ ಮೇಲೆ ಅಭಿನಂದನೆ, ಬುಡದಲ್ಲಿ ದಪ್ಪ ಅಕ್ಷರದ ಒಟ್ಟು ಮೊತ್ತ. ಎರಡರ ನಡುವೆ ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಅನುದಾನ, ಕಾಲೇಜಿನ ಅನುದಾನ, ವರ್ಕ್ ಸ್ಟಡಿ, 5,500 ಡಾಲರ್ ಸರ್ಕಾರಿ ಸಾಲ, ಆಮೇಲೆ ತಂದೆತಾಯಿಯ ಹೆಸರಿನಲ್ಲಿ ಅದಕ್ಕಿಂತ ದೊಡ್ಡದೊಂದು ಸಾಲ, ಎಲ್ಲವೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು. ಸಾಲ ಎಂದು ತೋರಿಸುವ ಶಬ್ದವನ್ನು ಎರಡಕ್ಷರಕ್ಕೆ ಮೊಟಕು ಮಾಡಿದ್ದರು. ನಾನು ಪೆನ್ಸಿಲ್ ತೆಗೆದುಕೊಂಡು ಅನುದಾನಗಳ ಕೆಳಗೆ ಒಂದು ಗೆರೆ ಎಳೆದೆ. ಮೇಲಿನದು ಹಿಂದಿರುಗಿಸಬೇಕಿಲ್ಲ. ವರ್ಕ್ ಸ್ಟಡಿ ಅಂದರೆ ಮಗ ದುಡಿದರೆ ಸಿಗುವ ಸಂಬಳ. ಉಳಿದದ್ದು ಬಡ್ಡಿಸಮೇತ ತೀರಿಸಬೇಕು. ಆಕೆ ಬಹಳ ಹೊತ್ತು ಆ ಗೆರೆಯನ್ನೇ ನೋಡಿ, ಕೊನೆಯ ಸಾಲಕ್ಕೆ ನಾನು ಸಹಿ ಹಾಕಲೇಬೇಕೆ ಎಂದು ಕೇಳಿದರು. ಬೇಕಿಲ್ಲ. ಕಡಿಮೆ ನೆರವು ಕೊಟ್ಟಿದೆಯೆಂದು ಮಗ ಬದಿಗಿಟ್ಟಿದ್ದ ರಾಜ್ಯ ಕಾಲೇಜಿನ ಪತ್ರವನ್ನು ಪಕ್ಕದಲ್ಲಿಟ್ಟು ಮತ್ತೆ ಲೆಕ್ಕ ಹಾಕಿದೆವು. ಕೈಯಿಂದ ಕೊಡಬೇಕಾದ ಹಣ ಅಲ್ಲಿ ಎಷ್ಟೋ ಕಡಿಮೆಯಿತ್ತು.

ಅದು ಒಂದು ಕಾಲೇಜಿನ ದೋಷವಲ್ಲ. ವಿದ್ಯಾರ್ಥಿ ನಿಜವಾಗಿ ಎಷ್ಟು ತೆರಬೇಕು ಎಂಬುದನ್ನು ನೆರವಿನ ಪತ್ರದಲ್ಲಿ ಬರೆಯದ ಅಥವಾ ಕಡಿಮೆ ಮಾಡಿ ತೋರಿಸುವ ಕಾಲೇಜುಗಳು ಶೇಕಡಾ 91ರಷ್ಟಿವೆ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2022ರಲ್ಲಿ ಅಂದಾಜು ಮಾಡಿದೆ. ಓದು ಬಲ್ಲವರೇ ತಪ್ಪುವಂತೆ ಬರೆದ ಪತ್ರವನ್ನು ಅರ್ಥಮಾಡಿಕೊಳ್ಳಲಿಲ್ಲವೆಂದು ಆ ತಾಯಿಯನ್ನು ದೂರುವುದು ಅನ್ಯಾಯ.

ಈ ಅನ್ಯಾಯದ ಬಗ್ಗೆ ಬರೆಯತೊಡಗಿದರೆ ನನಗೆ ಲೇಖನಿ ನಿಲ್ಲುವುದಿಲ್ಲ. ಫ್ಯಾಫ್ಸಾವನ್ನು ಸರಳಗೊಳಿಸಲು 2020ರಲ್ಲಿ ಕಾನೂನು ಬಂತು. ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಅರ್ಜಿ ಹಲವರಿಗೆ ಇಪ್ಪತ್ತಕ್ಕಿಂತ ಕಡಿಮೆ ಪ್ರಶ್ನೆಗಳಲ್ಲಿ ಮುಗಿಯಬೇಕಿತ್ತು. ಉದ್ದೇಶ ಒಳ್ಳೆಯದು. ಆದರೆ ಅಕ್ಟೋಬರ್‌ನಲ್ಲಿ ತೆರೆಯಬೇಕಿದ್ದ ಅರ್ಜಿ 2023ರ ಡಿಸೆಂಬರ್ ಕೊನೆಗೆ ತೆರೆಯಿತು. ತಂದೆಗೋ ತಾಯಿಗೋ ಸರ್ಕಾರದ ಗುರುತು ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಮಕ್ಕಳು ತಿಂಗಳುಗಟ್ಟಲೆ ಅರ್ಜಿ ಮುಗಿಸಲಾರದೆ ಒದ್ದಾಡಿದರು. ಮೊದಲ ಐದು ತಿಂಗಳಲ್ಲಿ ಸಹಾಯವಾಣಿಗೆ ಬಂದ ಕರೆಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಉತ್ತರವೇ ಸಿಗಲಿಲ್ಲ ಎಂದು ಅದೇ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ಹೀಗೆ ಎಡವಟ್ಟಾದಾಗ ಬಲ್ಲವರ ಮಕ್ಕಳು ಕಾಯುತ್ತಾರೆ, ಇದು ಯಂತ್ರದ ತಪ್ಪು ಎಂದು ಅವರಿಗೆ ಹೇಳುವವರಿದ್ದಾರೆ. ಮನೆಯ ಮೊದಲ ಮಗು ಮಾತ್ರ, ನನ್ನಂಥವರಿಗೆ ಇದು ಹೇಳಿ ಮಾಡಿಸಿದ್ದಲ್ಲ ಎಂದುಕೊಂಡು ಪರದೆ ಮುಚ್ಚುತ್ತದೆ.

ಶಾಲೆಯ ಕೌನ್ಸೆಲರ್ ಇದ್ದಾರಲ್ಲ ಎನ್ನಬಹುದು. 250 ಮಕ್ಕಳಿಗೆ ಒಬ್ಬರಿರಬೇಕೆಂದು ಅವರದೇ ರಾಷ್ಟ್ರೀಯ ಸಂಘ ಹೇಳುತ್ತದೆ; 2022-23ರಲ್ಲಿ ದೇಶದ ಸರಾಸರಿ 385 ಮಕ್ಕಳಿಗೆ ಒಬ್ಬರು. ಉಳ್ಳವರು ಸಾವಿರಾರು ಡಾಲರ್ ಕೊಟ್ಟು ಖಾಸಗಿ ಸಲಹೆಗಾರರನ್ನು ಇಟ್ಟುಕೊಳ್ಳುತ್ತಾರೆ. ಅಷ್ಟಕ್ಕೂ ತೃಪ್ತರಾಗದೆ ಲಂಚ ಕೊಟ್ಟು ಸೀಟು ಕೊಂಡವರ ಹಗರಣ 2019ರಲ್ಲಿ ಬಯಲಾದದ್ದನ್ನು ನೋಡಿದ್ದೇವೆ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ಕನ್ನಡ ಸಂಘಗಳು ಐವಿ ಲೀಗ್ ಸೇರುವುದು ಹೇಗೆ ಎಂಬ ಗೋಷ್ಠಿ ನಡೆಸುತ್ತವೆ, ಸಭಾಂಗಣ ತುಂಬುತ್ತದೆ. ಕುಳಿತವರೆಲ್ಲ ಎಂಜಿನಿಯರ್, ವೈದ್ಯ ತಂದೆತಾಯಿಯರ ಮಕ್ಕಳು. ನಮ್ಮಲ್ಲಿರುವ ಈ ಅನುಭವದ ಒಂದು ಪಾಲು ಪಕ್ಕದ ಬೀದಿಯ ಶಾಲೆಗೆ ಹರಿದರೆ ನಾವು ಕಳೆದುಕೊಳ್ಳುವುದೇನು? ನಿಮ್ಮನ್ನು ನಾನು ಇಷ್ಟು ಗದರಿಸುತ್ತಿರುವುದೂ ನೀವು ಆ ಬೀದಿ ದಾಟಿದ ಅಪರೂಪದವರು ಎಂಬ ಅಭಿಮಾನದಿಂದಲೇ.

ಇನ್ನೊಂದು ವಿನಂತಿ. ಪ್ರವೇಶ ಸಿಕ್ಕಿತೆಂದು ಮೇ ತಿಂಗಳಲ್ಲಿ ಕೈತೊಳೆದುಕೊಳ್ಳಬೇಡಿ. ಹೈಸ್ಕೂಲ್ ಮುಗಿದು ಶಾಲೆಯ ಬಾಗಿಲು ಮುಚ್ಚಿರುತ್ತದೆ, ಕಾಲೇಜಿನ ಬಾಗಿಲು ತೆರೆದಿರುವುದಿಲ್ಲ. ಆ ಬೇಸಿಗೆಯಲ್ಲಿ ಹಾಸ್ಟೆಲ್ ಅರ್ಜಿ, ಲಸಿಕೆಯ ದಾಖಲೆ, ಆರೋಗ್ಯ ವಿಮೆ ಬೇಡವೆಂದು ತಿಳಿಸುವ ಫಾರಂ, ತೆರಿಗೆ ಕಾಗದ ಪರಿಶೀಲನೆಯ ಪತ್ರ ಒಂದರ ಹಿಂದೊಂದು ಬರುತ್ತವೆ. ಬಹುಪಾಲು ಇಮೇಲ್‌ನಲ್ಲಿ, ಮಗು ಎಂದೂ ತೆರೆಯದ ಕಾಲೇಜಿನ ಹೊಸ ವಿಳಾಸಕ್ಕೆ. ಸೀಟು ಸಿಕ್ಕವರಲ್ಲೂ ಕೆಲವರು ಸೆಪ್ಟೆಂಬರ್ ಹೊತ್ತಿಗೆ ತರಗತಿಯಲ್ಲಿ ಇರುವುದಿಲ್ಲ. ಜುಲೈನಲ್ಲಿ ಒಮ್ಮೆ ಆ ಹುಡುಗಿಗೆ ಫೋನ್ ಮಾಡಿ, ಆ ಇಮೇಲ್ ತೆರೆಸಿ ನೋಡಿ.

ಮುಂಗಡ ಕಟ್ಟಲಾರದ ಹುಡುಗನ ವಿಷಯ. ಕಾಲೇಜು ಬಿಡಬೇಕಿಲ್ಲ. ಬಹಳಷ್ಟು ಕಾಲೇಜುಗಳು ಬಡ ವಿದ್ಯಾರ್ಥಿ ಕೇಳಿಕೊಂಡರೆ ಆ ಮುಂಗಡವನ್ನು ಮಾಫಿ ಮಾಡುತ್ತವೆ, ಇಲ್ಲವೇ ನೆರವಿನ ಹಣ ಬಂದ ಮೇಲೆ ಹಿಡಿದುಕೊಳ್ಳುತ್ತವೆ. ಕೇಳಬೇಕೆಂಬುದು ಅವನಿಗೆ ಗೊತ್ತಿರುವುದಿಲ್ಲ. ಅವನು ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ತಾಣವಾದ ಕಾಮನ್ ಆ್ಯಪ್‌ನಲ್ಲಿ ಅರ್ಜಿ ಶುಲ್ಕದ ವಿನಾಯಿತಿ ಪಡೆದಿದ್ದರೆ ಅದನ್ನೂ ಉಲ್ಲೇಖಿಸಿ, ಪ್ರವೇಶ ಕಚೇರಿಗೆ ನಾಲ್ಕು ಸಾಲಿನ ಇಮೇಲ್ ಬರೆಸಿ. ಕೊನೆಯ ದಿನಾಂಕಕ್ಕೆ ಮೊದಲೇ ಹೋಗಲಿ. ಸಾಮಾನ್ಯವಾಗಿ ಅದು ಮೇ 1. ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಫೋನ್ ಮಾಡಿಸಿ, ಮಾತನಾಡಿದವರ ಹೆಸರು ಬರೆದಿಟ್ಟುಕೊಳ್ಳಲು ಹೇಳಿ. ಮಾತು ಅವನೇ ಆಡಲಿ, ನೀವು ಪಕ್ಕದಲ್ಲಿರಿ.